ಶಿಕ್ಷೆಗೊಂದು ಕೊನೆಯ ದಿನ ಬೇಡವೇ?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗದ ರಸ್ತೆಗಳಿಂದ ಅಪಘಾತದ ಸುದ್ದಿ ಬರತೊಡಗುತ್ತದೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವಿಲ್ಲ, ಕತ್ತಲಲ್ಲಿ ಬಂದ ಬೈಕು. ಸುದ್ದಿ ತೆಲಸಂಗದ ಚಹಾದಂಗಡಿ ಮುಟ್ಟುವ ಹೊತ್ತಿಗೆ ತೀರ್ಪೂ ಅದರ ಜೊತೆಗೇ ಬಂದಿರುತ್ತದೆ. “ಅಂವನ ಲೈಸೆನ್ಸ್ ಕಾಯಂ ರದ್ದ ಮಾಡಬೇಕ್ರಿ ಕಾಕಾ. ಒಂದ್ ಜೀವಾ ತಗೊಂಡಾಂವಗ ಮತ್ತ ಸ್ಟೇರಿಂಗ್ ಕೊಟ್ರ ಇನ್ನೊಂದ್ ಜೀವಾ ತಗೋತಾನ.” ಕಾಕಾ ಹೌದೆಂದು ತಲೆಯಾಡಿಸುತ್ತಾರೆ. ಪಕ್ಕದಲ್ಲಿ ಕೂತ ಮಾಸ್ತರರೂ ಹೌದೆನ್ನುತ್ತಾರೆ. ಪತ್ರಿಕೆ ಓದುವವರು, ಸಭೆಯಲ್ಲಿ ಮಾತಾಡುವವರು, ಗಾಡಿ ಇಟ್ಟವರು, ಗಾಡಿ ಇಲ್ಲದವರು ಎಲ್ಲರೂ ಒಪ್ಪಿರುವ ಮಾತಿದು: ಶಿಕ್ಷೆಯಾದವನು ಜೈಲಿನಿಂದ ಬರಲಿ, ಬದುಕಲಿ, ಆದರೆ ಹಳೆಯ ಕಸುಬಿನ ಪರವಾನಗಿ ಮಾತ್ರ ಅವನ ಕೈಗೆ ಮರಳಿ ಹೋಗಬಾರದು.

ಈ ಮಾತು ತಪ್ಪು. ಕರುಣೆ ಸಾಲದು ಎಂಬ ಕಾರಣಕ್ಕಲ್ಲ, ಲೆಕ್ಕವೇ ತಪ್ಪು. ಅದು ನ್ಯಾಯಕ್ಕೂ ವಿರುದ್ಧ, ರಸ್ತೆಯ ಸುರಕ್ಷತೆಗೂ ವಿರುದ್ಧ.

ಸುಲಭದ ಉದಾಹರಣೆ ಹಿಡಿದು ಈ ವಾದ ಗೆಲ್ಲುವುದು ನನಗೆ ಬೇಡ. ಇಸ್ಪೀಟು ಆಡಿ ಸಿಕ್ಕಿಬಿದ್ದವನಿಗೆ ಗೊಬ್ಬರದಂಗಡಿಯ ಲೈಸೆನ್ಸ್ ಕೊಡಬೇಕೋ ಬೇಡವೋ ಎಂದು ಕೇಳಿದರೆ ಹೆಚ್ಚಿನವರು ಕೊಡಲಿ ಎಂದಾರು. ಕಷ್ಟದ ಪ್ರಶ್ನೆ ಚಾಲಕನದು. ಅವನ ಅಪರಾಧ ಅವನ ಕಸುಬಿನ ಒಳಗೇ ನಡೆದದ್ದು, ಅದೇ ಚಕ್ರದ ಕೆಳಗೆ. ಅವನ ವಿಷಯದಲ್ಲಿ ನಿಂತ ವಾದ ಉಳಿದವರ ವಿಷಯದಲ್ಲೂ ನಿಲ್ಲುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷ ಎಂಬ ಎರಡನೆಯ ಉಪಕಲಮನ್ನು, 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ, ಸರಕಾರ ತಡೆಹಿಡಿಯಿತು. ಅದೇ 106ರಲ್ಲಿ ಇನ್ನೊಂದು ಸಾಲಿದೆ, ಅದನ್ನು ಚಹಾದಂಗಡಿಯಲ್ಲಿ ಯಾರೂ ಓದುವುದಿಲ್ಲ. ನೋಂದಾಯಿತ ವೈದ್ಯ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ತೋರಿ ರೋಗಿ ಸತ್ತರೆ ಶಿಕ್ಷೆ ಎರಡೇ ವರ್ಷದವರೆಗೆ. ಸತ್ತವರು ಎರಡೂ ಕಡೆ ಸತ್ತವರೇ. ಕಲಿತವನ ಕೈತಪ್ಪಿಗೆ ಒಂದು ಅಳತೆ, ಕ್ಲಚ್ಚು ತುಳಿಯುವವನ ಕೈತಪ್ಪಿಗೆ ಇನ್ನೊಂದು ಅಳತೆ ಎಂಬುದು ಕಲಮಿನಲ್ಲೇ ಕೂತಿದೆ. ಊರ ಮಾತು ಅದರ ಮೇಲೆ ಇನ್ನೊಂದು ಭಾರ ಹೇರುತ್ತದೆ, ಅಷ್ಟೇ.

ಇನ್ನು ಲೈಸೆನ್ಸು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದನ್ನು ಕಸಿಯುವ ದಾರಿಗಳೂ ಇವೆ, ಮರಳಿಸುವ ದಾರಿಗಳೂ ಇವೆ. 19ನೇ ಕಲಮಿನಲ್ಲಿ ಆರ್‌ಟಿಓ ಅಧಿಕಾರಿ ಚಾಲಕನನ್ನು ಅನರ್ಹಗೊಳಿಸಬಹುದು. ಆದರೆ ಅವನ ಮಾತು ಕೇಳಬೇಕು, ಕಾರಣ ಬರೆದಿಡಬೇಕು. ಆದೇಶ ಸರಿಯಿಲ್ಲವೆಂದರೆ ಚಾಲಕ 30 ದಿನದೊಳಗೆ ಮೇಲ್ಮನವಿ ಹಾಕಬಹುದು. 20ನೇ ಕಲಮಿನಲ್ಲಿ ಶಿಕ್ಷೆ ಕೊಡುವ ಕೋರ್ಟೇ ಇಷ್ಟು ಅವಧಿಗೆ ಅನರ್ಹ ಎಂದು ಗೊತ್ತುಪಡಿಸಬಹುದು. ಆದೇಶದಲ್ಲಿ ಹೇಳಿದ ಅವಧಿಗೆ ಮಾತ್ರ ಲೈಸೆನ್ಸು ನಿಷ್ಕ್ರಿಯ ಎನ್ನುತ್ತದೆ 23ನೇ ಕಲಮು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 25ನೇ ಕಲಮು. ಲೈಸೆನ್ಸಿನ ಮೇಲೆ ಅಪರಾಧದ ಷರಾ ಬಿದ್ದ ಬಳಿಕ ಸತತ ಮೂರು ವರ್ಷ ಹೊಸ ಷರಾ ಬೀಳದಂತೆ ನಡೆದುಕೊಂಡವನಿಗೆ, ಅನರ್ಹತೆಯ ದಿನಗಳನ್ನು ಬಿಟ್ಟು ಎಣಿಸಿ, ಎಲ್ಲ ಷರಾಗಳಿಂದ ಮುಕ್ತವಾದ ಹೊಸ ಲೈಸೆನ್ಸು ಪಡೆಯುವ ಹಕ್ಕಿದೆ. ಬರಿಯ ವೇಗಮಿತಿ ಮೀರಿದ ಷರಾ ಆದರೆ ಒಂದೇ ವರ್ಷ. ಕಾಯ್ದೆ ಇದಕ್ಕೆ ಇಟ್ಟ ಶುಲ್ಕ ಐದು ರೂಪಾಯಿ. ಕಾಯ್ದೆ ಬರೆದವರು ಚಾಲಕ ತಿದ್ದಿಕೊಳ್ಳಬಲ್ಲ ಎಂದು ನಂಬಿದ್ದರು. ಆ ನಂಬಿಕೆಗೆ ಗಡುವನ್ನೂ ಬರೆದಿಟ್ಟರು, ದರವನ್ನೂ ಬರೆದಿಟ್ಟರು.

ನಮ್ಮ ಕಡೆ ಎಷ್ಟು ಚಾಲಕರಿಗೆ ಈ 25ನೇ ಕಲಮು ಗೊತ್ತು? ಎಷ್ಟು ವಕೀಲರು ತೀರ್ಪಿನ ದಿನ ಕಕ್ಷಿದಾರನನ್ನು ಪಕ್ಕಕ್ಕೆ ಕರೆದು, “ತಮ್ಮಾ, ಲೈಸೆನ್ಸಿನ ಬಗ್ಗೆ ಕೋರ್ಟು ಇಂಥದ್ದು ಹೇಳಿದೆ, ಇಂಥ ದಿನಾಂಕಕ್ಕೆ ಅದು ಮುಗಿಯುತ್ತದೆ” ಎಂದು ಹೇಳುತ್ತಾರೆ? ಲೈಸೆನ್ಸಿನ ಮಾತೇ ಇಲ್ಲದ ತೀರ್ಪುಗಳೂ ಇರುತ್ತವೆ. ಇಷ್ಟು ತಿಂಗಳು ಸಜೆ, ಇಷ್ಟು ದಂಡ, ಮುಗಿಯಿತು. ಕೋರ್ಟು ಕೊಡದ ಶಿಕ್ಷೆಯನ್ನು ಆಗ ಊರು ಕೊಡುತ್ತದೆ. ಮಾಲೀಕ ಕೊಡುತ್ತಾನೆ, ಪೊಲೀಸ್ ಪರಿಶೀಲನೆಯ ಕಾಗದ ಕೊಡುತ್ತದೆ, ನವೀಕರಣದ ಕೌಂಟರಿನ “ನಾಳೆ ಬಾ” ಕೊಡುತ್ತದೆ. ಅದಕ್ಕೆ ಅವಧಿಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಬೇರೆಯವರಿಗೆ ಹೇಗಿದೆ? ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದ ಶಾಸಕನನ್ನು ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮು ಶಿಕ್ಷೆಯ ದಿನದಿಂದ ಹಿಡಿದು ಬಿಡುಗಡೆಯ ಬಳಿಕ ಆರು ವರ್ಷದವರೆಗೆ ಅನರ್ಹಗೊಳಿಸುತ್ತದೆ. ಆಮೇಲೆ ಅವನು ನಾಮಪತ್ರ ಹಾಕಬಹುದು, ಗೆದ್ದರೆ ಕಾಯ್ದೆಗಳನ್ನೇ ಬರೆಯಬಹುದು. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವನು ವಕೀಲನಾಗಿ ನೋಂದಾಯಿಸಿಕೊಳ್ಳುವುದಕ್ಕೆ ವಕೀಲರ ಕಾಯ್ದೆಯ 24ಎ ಕಲಮು ಹಾಕಿದ ತಡೆ ಬಿಡುಗಡೆಯಾಗಿ ಎರಡು ವರ್ಷಕ್ಕೆ ತೀರುತ್ತದೆ. ಈ ಅವಧಿಗಳು ಹೆಚ್ಚೋ ಕಡಿಮೆಯೋ ಎಂಬುದು ಬೇರೆ ಚರ್ಚೆ. ಅವಧಿ ಅಂತ ಒಂದು ಇದೆ, ಅದು ಮುಗಿಯುತ್ತದೆ, ಮುಗಿದಾಗ ಯಾರೂ ಬೀದಿಗಿಳಿದು ಕೂಗುವುದಿಲ್ಲ. ಶಾಸಕನಿಗೆ ಆರು ವರ್ಷ ಸಾಕು ಎನ್ನುವ ಊರು ಟ್ರ್ಯಾಕ್ಟರ್ ಚಾಲಕನಿಗೆ ಜೀವಮಾನ ಎನ್ನುವುದಾದರೆ, ಅದನ್ನು ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬೆಳಗಾವಿಯವರಿಗೆ ಹೆಮ್ಮೆಯ ಒಂದು ನೆನಪಿದೆ: 1924ರ ಡಿಸೆಂಬರಿನ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು. ಆ ಅಧ್ಯಕ್ಷ ಪೀಠದಲ್ಲಿ ಕೂತವರು ಶಿಕ್ಷೆಯಾದವರೂ ಹೌದು, ವಕೀಲಿ ಪರವಾನಗಿ ಕಳೆದುಕೊಂಡವರೂ ಹೌದು. 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯ ರಾಜದ್ರೋಹಕ್ಕಾಗಿ ಅವರಿಗೆ ಆರು ವರ್ಷ ಸಜೆ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ತನ್ನ ಬ್ಯಾರಿಸ್ಟರರ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ, ಅವರು ತೀರಿ ನಲವತ್ತು ವರ್ಷವಾದ ಮೇಲೆ. ಗಾಂಧೀಜಿಯ ಅಪರಾಧವೂ ಕುಡಿದು ಗಾಡಿ ಹೊಡೆದವನ ಅಪರಾಧವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಆತ್ಮಸಾಕ್ಷಿಗಾಗಿ ಮಾಡಿದ್ದು, ಇನ್ನೊಂದು ಬೇಜವಾಬ್ದಾರಿಯಿಂದ ಆದದ್ದು. ನಾನು ನೋಡುತ್ತಿರುವುದು ಸಂಸ್ಥೆಗಳ ನಡಾವಳಿಯನ್ನು. ಹೆಸರು ಹೊಡೆಯಲು ಎಂಟು ತಿಂಗಳು ಸಾಕಾಯಿತು, ಮರಳಿ ಬರೆಯಲು 66 ವರ್ಷ ಬೇಕಾಯಿತು. ಜಗತ್ತೇ ಮಹಾತ್ಮ ಎಂದು ಒಪ್ಪಿದವರ ಕಡತವೇ ಇಷ್ಟು ಕಾಲ ಮುಚ್ಚಿ ಕೂತಿತೆಂದರೆ, ಆರ್‌ಟಿಓ ಕಚೇರಿಯಲ್ಲಿ ತೆಲಸಂಗದ ಚಾಲಕನ ಕಡತವನ್ನು ತಾನಾಗಿ ತೆರೆಯುವವರು ಯಾರು? ಕಸಿಯುವುದು ಒಬ್ಬ ಅಧಿಕಾರಿಯ ಕರ್ತವ್ಯ. ಮರಳಿಸುವುದು ಯಾರ ಕರ್ತವ್ಯವೂ ಆಗಿಲ್ಲ.

ತೆಲಸಂಗ ಅಥಣಿ ತಾಲೂಕಿನ ಪೂರ್ವದ ಒಣಭೂಮಿ. ಕೃಷ್ಣೆಯ ದಂಡೆಯವರಿಗೆ ಇರುವ ನೀರು ಇಲ್ಲಿಲ್ಲ. ಬೋರು ಹಿಡಿದವರು ದ್ರಾಕ್ಷಿ ಮಾಡಿದ್ದಾರೆ, ಒಣದ್ರಾಕ್ಷಿ ಮಾಡಿ ವಿಜಯಪುರಕ್ಕೋ ಗಡಿಯಾಚೆ ತಾಸಗಾಂವಕ್ಕೋ ಒಯ್ಯುತ್ತಾರೆ. ಬೋರಿಲ್ಲದ ಮನೆಯ ಹುಡುಗನಿಗೆ ಹೊಲ ಎಂದರೆ ಡ್ರೈವಿಂಗ್ ಲೈಸೆನ್ಸೇ. ಹದಿನೆಂಟು ತುಂಬುತ್ತಲೇ ಟ್ರ್ಯಾಕ್ಟರ್, ಆಮೇಲೆ ಟಂಟಂ, ಆಮೇಲೆ ಕ್ರೂಸರ್, ಅದೃಷ್ಟವಿದ್ದರೆ ಲಾರಿ. ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಕಿಸೆಯಲ್ಲಿ ಮನೆದೇವರ ಚಿತ್ರದ ಜೊತೆ ಇಟ್ಟುಕೊಂಡ ಚಾಲಕರನ್ನು ಈ ಭಾಗದಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಅದನ್ನು ಕಿತ್ತುಕೊಂಡು “ಬೇರೆ ಕೆಲಸ ಮಾಡಲಿ” ಎನ್ನುವವರು ಆ ಬೇರೆ ಕೆಲಸ ಯಾವುದೆಂದು ಒಮ್ಮೆ ಹೇಳಲಿ.

ಅವನು ಬೇರೆ ಕೆಲಸ ಮಾಡುವುದಿಲ್ಲ. ಅದೇ ಕೆಲಸ ಮಾಡುತ್ತಾನೆ, ಲೈಸೆನ್ಸಿಲ್ಲದೆ, ರಾತ್ರಿ, ಒಳದಾರಿಯಲ್ಲಿ, ಅರ್ಧ ಪಗಾರಕ್ಕೆ. ಸಿಕ್ಕಿಬಿದ್ದರೆ 182ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಮಾಲೀಕನಿಗೆ ಅಗ್ಗದ ಆಳು ಸಿಕ್ಕ. ಟ್ರೇಲರಿಗೆ ರಿಫ್ಲೆಕ್ಟರ್ ಹಚ್ಚಿಸಿ ಎಂದು ಕೇಳುವ ಬಾಯಿ ಅವನಿಗಿಲ್ಲ, ಇಷ್ಟು ಹೇರಬೇಡಿ ಎನ್ನುವ ಬಾಯಿಯೂ ಇಲ್ಲ. ಅಂಥ ಗಾಡಿ ಮತ್ತೆ ಯಾರಿಗಾದರೂ ಹೊಡೆದರೆ ಏನಾಗುತ್ತದೆ? ವಿಮಾ ಕಂಪನಿ ಕೋರ್ಟಿನಲ್ಲಿ ಎದ್ದು ನಿಂತು ಚಾಲಕನಿಗೆ ಲೈಸೆನ್ಸೇ ಇರಲಿಲ್ಲ ಎನ್ನುತ್ತದೆ. 2004ರ ಸ್ವರ್ಣಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ತಕರಾರಿಗೆ ಮಿತಿ ಹಾಕಿದೆ, ನೊಂದವರಿಗೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂಬ ದಾರಿಯನ್ನೂ ತೋರಿಸಿದೆ. ಆದರೂ ಆ ತಕರಾರಿನ ಮೇಲೆ ವರ್ಷಗಟ್ಟಲೆ ಎಳೆಯುವ ದಾವೆಯನ್ನು ಎದುರಿಸುವವಳು ಗಂಡನನ್ನು ಕಳೆದುಕೊಂಡ ಹೆಂಗಸು. ಲೈಸೆನ್ಸು ಕಾಯಂ ಕಸಿಯಿರಿ ಎನ್ನುವವರು ಯಾರ ಪರವಾಗಿ ಕೂಗುತ್ತೇವೆ ಎಂದುಕೊಂಡಿದ್ದಾರೋ ಅವಳಿಗೇ ಈ ಪೆಟ್ಟು.

ಹೇರಿಕೆಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ರಾಜ್ಯಗಳಿಗೆ ಒಂದು ಸೂಚನೆ ಕೊಟ್ಟಿತು: ಅತಿವೇಗ, ಕೆಂಪು ದೀಪ ದಾಟುವುದು, ಅತಿಭಾರ, ಸರಕು ಗಾಡಿಯಲ್ಲಿ ಜನ ತುಂಬುವುದು, ಕುಡಿದು ಓಡಿಸುವುದು, ಓಡಿಸುತ್ತ ಮೊಬೈಲ್ ಹಿಡಿಯುವುದು, ಇವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸು ಅಮಾನತು. ಇವುಗಳಲ್ಲಿ ನಾಲ್ಕು ಚಾಲಕನ ಸ್ವಂತ ತಪ್ಪು. ಅತಿಭಾರವೂ ಜನ ತುಂಬುವುದೂ ಹಾಗಲ್ಲ. ಕಬ್ಬಿನ ಗ್ಯಾಂಗನ್ನು ಹೆಂಡತಿ, ಮಕ್ಕಳು, ಪಾತ್ರೆ, ಕೋಳಿ ಸಮೇತ ಟ್ರೇಲರಿಗೆ ಹತ್ತಿಸುವ ನಿರ್ಧಾರ ಚಾಲಕನದಲ್ಲ. ಎಷ್ಟು ಟನ್ ಹೇರಬೇಕೆಂಬುದೂ ಅವನದಲ್ಲ. ಗುತ್ತಿಗೆದಾರ ಹೇಳುತ್ತಾನೆ, ಚಾಲಕ ಎಳೆಯುತ್ತಾನೆ, ಲೈಸೆನ್ಸು ಚಾಲಕನದು ಹೋಗುತ್ತದೆ.

ಒಮ್ಮೆ ಅಪರಾಧಿ ಎನಿಸಿದವನು ಸಾಯುವ ತನಕ ಅಪರಾಧಿಯೇ ಎಂಬ ನಂಬಿಕೆ ನಮ್ಮ ನೆಲದಲ್ಲಿ ಎಲ್ಲಿಂದ ಬಂತು? ಇಂದಿನ ವಿಜಯಪುರ, ಅಂದಿನ ವಿಜಾಪುರದಲ್ಲಿ ಅದಕ್ಕೊಂದು ಚರಿತ್ರೆಯಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಕಳೆದ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತದ ಸರಕಾರ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಅವರಿಗಾಗಿ ತಂತಿಬೇಲಿಯ ಸೆಟ್ಲ್‌ಮೆಂಟುಗಳನ್ನು ಮಾಡಿತು. ಸ್ಟಾರ್ಟ್ ಎಂಬ ಅಧಿಕಾರಿ ಅವುಗಳ ಮೇಲ್ವಿಚಾರಕನಾಗಿದ್ದ. ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಮನೆಗಳವರು ದಿನವೂ ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ಏನು ಕದ್ದರು ಎಂಬುದು ಪ್ರಶ್ನೆಯೇ ಆಗಿರಲಿಲ್ಲ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ನಮ್ಮಲ್ಲಿ 1961ರಲ್ಲಿ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಚ್ಚುವ ನಿಯಮಗಳನ್ನು ತೆಗೆದುಹಾಕುವಾಗ, ಈ ರೂಢಿಗತ ಎಂಬ ಹಣೆಪಟ್ಟಿ ವಿಮುಕ್ತ ಬುಡಕಟ್ಟುಗಳ ಮೇಲೆ ಹೇಗೆ ಬೀಳುತ್ತ ಬಂದಿದೆ ಎಂಬುದನ್ನೂ ಎತ್ತಿ ಹೇಳಿತು. ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನಲ್ಲಿ ಲೈಸೆನ್ಸು ಕಸಿಯಲು ಕೊಟ್ಟ ಮೊದಲ ಕಾರಣವೇ ರೂಢಿಗತ ಅಪರಾಧಿ ಎಂಬುದು. ಆ ಹಣೆಪಟ್ಟಿ ಯಾರ ಮಕ್ಕಳ ಮೇಲೆ ಬೇಗ ಬೀಳುತ್ತದೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಡವನ ಅಪರಾಧದ ದಾಖಲೆ ಹೇಗೆ ಬೆಳೆಯುತ್ತದೆ ಎಂಬುದನ್ನೂ ನೋಡಬೇಕು. ಜಾತ್ರೆಯಲ್ಲಿ ಜಗಳ, ಓಸಿ ಮಟಕಾ ಚೀಟಿ, ಬಯಲಲ್ಲಿ ಇಸ್ಪೀಟು. “ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಾ, ಮುಗಿದ್ಹೋಗ್ತದ” ಎನ್ನುತ್ತಾರೆ. ತಾರೀಖಿಗೊಮ್ಮೆ ಅಥಣಿಗೆ ಹೋಗಿ ದಿನದ ಕೂಲಿ ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಅದು ಮುಗಿಯುವುದಿಲ್ಲ. ಪವನಕುಮಾರ್ ಎಂಬ ಹರಿಯಾಣದ ನಾಲ್ಕನೆಯ ದರ್ಜೆಯ ನೌಕರನಿಗೆ ಹಾಗೇ ಆಯಿತು. ಅಶ್ಲೀಲ ವರ್ತನೆಯ ಕಲಮಿನಲ್ಲಿ 20 ರೂಪಾಯಿ ದಂಡ ಕಟ್ಟಿದ್ದಕ್ಕೆ ನೌಕರಿಯೇ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು ಅವನ ಪರ ನಿಂತಿತು. ಎರಡು ಸಾವಿರ ರೂಪಾಯಿವರೆಗಿನ ದಂಡದಲ್ಲೇ ಮುಗಿದ ಸಣ್ಣ ಪ್ರಕರಣಗಳಿಗಾಗಿ ಯಾರ ಉದ್ಯೋಗಕ್ಕೂ ಅಡ್ಡಿ ಬರದಂತೆ ಶಾಸನ ಮಾಡಿ ಎಂದು ಸಂಸತ್ತಿಗೆ ಹೇಳಿತು. ಅಂದಿನಿಂದ ಸಂಸತ್ತಿಗೆ ಅದನ್ನು ಮಾಡಲು ಬೇಕಾದಷ್ಟು ಸಮಯವಿತ್ತು.

ಇದಕ್ಕೆ ಎದುರು ನಿಲ್ಲುವ ಗಟ್ಟಿಯಾದ ಮಾತು ಒಂದೇ, ಅದು ಸತ್ತವರ ಮನೆಯ ಮಾತು. “ನನ್ನ ಮಗಾ ತಿರಗಿ ಬರ್ತಾನೇನ್ರಿ? ಅಂವಗ ಯಾಕ ತಿರಗಿ ಕೊಡ್ತೀರಿ?” ಈ ಪ್ರಶ್ನೆಯ ಮುಂದೆ ಯಾವ ಕಲಮೂ ದೊಡ್ಡದಲ್ಲ. ಆ ತಾಯಿಗೆ ಉತ್ತರ ಕೊಡಲು ನಾನು ಅರ್ಹನಲ್ಲ. ಆದರೆ ಅವಳ ದುಃಖವನ್ನು ಮುಂದೆ ಮಾಡಿ ಮಾತಾಡುವ ನಮಗೆ ಒಂದು ಪ್ರಶ್ನೆ ಕೇಳಬಲ್ಲೆ. ಅವಳ ಪರಿಹಾರದ ದಾವೆ ಎಲ್ಲಿಗೆ ಬಂತೆಂದು ನಮ್ಮಲ್ಲಿ ಯಾರಾದರೂ ವಿಚಾರಿಸಿದ್ದೇವೆಯೇ? ಆ ಟ್ರೇಲರಿಗೆ ಈ ವರ್ಷವಾದರೂ ದೀಪ ಹಚ್ಚಿದ್ದಾರೆಯೇ ಎಂದು ಹೋಗಿ ನೋಡಿದ್ದೇವೆಯೇ? ಅದನ್ನು ಮಾಡದೆ ಚಾಲಕನ ಕಾರ್ಡು ಕತ್ತರಿಸಿದರೆ ಅವಳಿಗೆ ಸಿಕ್ಕಿದ್ದೇನು?

ನ್ಯಾಯಾಲಯಗಳೂ ಈ ವಿಷಯದಲ್ಲಿ ಕಠಿಣವಾಗಿವೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ ಒಳ್ಳೆಯ ನಡತೆಯ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣಕ್ಕೆ ಬರುವ ಯಾವ ಅನರ್ಹತೆಯೂ ತಟ್ಟಬಾರದು ಎನ್ನುತ್ತದೆ 12ನೇ ಕಲಮು. ಕಸುಬು ಉಳಿಸಿಕೊಳ್ಳಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. 2000ದಲ್ಲಿ ದಲಬೀರಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಡ್ಡಾದಿಡ್ಡಿ ಚಾಲನೆಯಿಂದ ಸಾವು ತಂದವರಿಗೆ ಈ ಕಾಯ್ದೆಯ ಲಾಭ ಕೊಡಬಾರದು, ಚಾಲಕರಲ್ಲಿ ಜೈಲಿನ ಭಯ ಇರಬೇಕು ಎಂದಿತು. ನಾನು ಇದನ್ನು ಗೌರವದಿಂದಲೇ ಒಪ್ಪುವುದಿಲ್ಲ. ಭಯಕ್ಕೆ ಜೈಲು ಇದೆ. ಜೈಲಿನ ಬಳಿಕದ ಕಸುಬನ್ನೂ ಭಯದ ಲೆಕ್ಕಕ್ಕೆ ಬರೆದರೆ, ತಿದ್ದಿಕೊಂಡವನಿಗೂ ತಿದ್ದಿಕೊಳ್ಳದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಎಲ್ಲರಿಗೂ ಮರಳಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಸಿಕ್ಕಿಬಿದ್ದು ಶಿಕ್ಷೆಯುಂಡು ಮತ್ತೆ ಕುಡಿದು ಓಡಿಸಿದವನಿಗೆ ಸ್ಟೇರಿಂಗ್ ಬೇಡ. ಮಕ್ಕಳ ಮೇಲೆ ಲೈಂಗಿಕ ಅಪರಾಧ ಮಾಡಿದವನಿಗೆ ಶಾಲಾ ವಾಹನ ಎಂದಿಗೂ ಬೇಡ. ಕೇಳಬೇಕಾದ್ದು, ಇವನ ಅಪರಾಧಕ್ಕೂ ಈ ಕಸುಬಿಗೂ ಏನು ಸಂಬಂಧ, ಅದಾದ ಮೇಲೆ ಇವನು ಹೇಗೆ ನಡೆದುಕೊಂಡ ಎಂದು. ಅದನ್ನು ಪ್ರತಿಯೊಬ್ಬನ ವಿಷಯದಲ್ಲಿ ಪ್ರತ್ಯೇಕವಾಗಿ ಕೇಳಬೇಕು, ಉತ್ತರವನ್ನು ಬರೆದು ಅವನ ಕೈಗೆ ಕೊಡಬೇಕು.

ನಂಬಿಕೆಯಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸಾಂಗಲಿ ಜಿಲ್ಲೆಯ ಆಟಪಾಡಿ ಹತ್ತಿರ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆಯಿದೆ. 1939ರಲ್ಲಿ ಔಂಧ ಸಂಸ್ಥಾನದ ರಾಜ ಭವಾನರಾವ ಪಂತ ಪ್ರತಿನಿಧಿ ಮತ್ತು ಪೋಲೆಂಡಿನಿಂದ ಬಂದ ಮಾರಿಸ್ ಫ್ರಿಡ್‌ಮನ್ ಅದನ್ನು ಕಟ್ಟಿದರು. ಆ ಸಂಸ್ಥಾನದ ಗುಣದಾಳ ತಾಲೂಕು ನಮ್ಮ ವಿಜಾಪುರ ಸೀಮೆಯ ಒಳಗೇ ಇತ್ತು. ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವರು ಅಲ್ಲಿ ಗೋಡೆಯಿಲ್ಲದೆ ಬಾಳಿದರು, ಹೊಲ ಉತ್ತರು. ಕುಡುಗೋಲು, ಕೊಡಲಿ ಅವರ ಕೈಯಲ್ಲೇ ಇದ್ದವು. ವಿ. ಶಾಂತಾರಾಮ್ 1957ರಲ್ಲಿ ಮಾಡಿದ ‘ದೋ ಆಂಖೇ ಬಾರಾ ಹಾಥ್’ ಚಿತ್ರಕ್ಕೆ ಪ್ರೇರಣೆ ಈ ಊರು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡ ಹಿರಿಯರು ನಮ್ಮ ಗಡಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರೇ ಚಹಾದಂಗಡಿಯಲ್ಲಿ ಕೂತು ಕಾಯಂ ರದ್ದು ಎಂದಾಗ ನನಗೆ ಸಂಕಟವಾಗುತ್ತದೆ.

ಬೇಕಾದ್ದು ಬಹಳಿಲ್ಲ. ತೀರ್ಪು ಕೊಡುವ ನ್ಯಾಯಾಧೀಶರು ಲೈಸೆನ್ಸಿನ ವಿಷಯವನ್ನು ಒಂದು ಸಾಲಿನಲ್ಲಾದರೂ ಬರೆಯಲಿ: ಅನರ್ಹತೆ ಇದೆಯೋ ಇಲ್ಲವೋ, ಇದ್ದರೆ ಯಾವ ದಿನದವರೆಗೆ. ಹಿಂಡಲಗಾ ಜೈಲಿನಿಂದ ಬಿಡುಗಡೆಯಾಗುವ ಚಾಲಕನ ಕೈಗೆ ಆ ದಿನಾಂಕದ ಚೀಟಿ ಸಿಗಲಿ. ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು ಎಂಬುದನ್ನೂ ಅಲ್ಲೇ ತಿಳಿಸಲಿ, ಒಳಗಿದ್ದವನಿಗೆ ಅದು ಗೊತ್ತಾಗುವುದು ಕೌಂಟರಿಗೆ ಬಂದ ಮೇಲೆಯೇ. ಪರೀಕ್ಷೆ ಕೊಡಲಿ, ಕಠಿಣವಾಗಿಯೇ ಕೊಡಲಿ, ಪಾಸಾದರೆ ಕಾರ್ಡು ಸಿಗಲಿ. ಅಮಾನತಾದವನು ಪುನಶ್ಚೇತನ ತರಬೇತಿ ಮುಗಿಸಿದರೇ ಲೈಸೆನ್ಸು ಎಂದು 2019ರ ತಿದ್ದುಪಡಿ ಹೇಳಿದೆ. ಆ ತರಬೇತಿಗೆ ಚಾಲಕ ಬೆಳಗಾವಿಯತನಕ ಅಲೆಯಬೇಕಾಗಬಾರದು. ಉಗಾರದಲ್ಲಿ, ಅಥಣಿ ಸುತ್ತ ಸಕ್ಕರೆ ಕಾರ್ಖಾನೆಗಳಿವೆ, ಅವುಗಳ ಅಂಗಳದಲ್ಲಿ ಹಂಗಾಮಿಗೆ ಮುಂಚೆ ಸಾಲುಗಟ್ಟಿ ನಿಲ್ಲುವುದು ಇದೇ ಚಾಲಕರ ಗಾಡಿ. ಅಲ್ಲೇ ತರಬೇತಿ ಆಗಲಿ, ಅಲ್ಲೇ ಟ್ರೇಲರುಗಳ ದೀಪ ನೋಡಲಿ, ಮಾಲೀಕರನ್ನೂ ಕೂರಿಸಲಿ. ತಾಲೂಕು ಕಾನೂನು ಸೇವಾ ಸಮಿತಿಯ ವಕೀಲರು ಅದೇ ದಿನ ಒಂದು ಮೇಜು ಹಾಕಿ, 25ನೇ ಕಲಮಿನಡಿ ಅರ್ಜಿ ಹಾಕಲು ಯಾರ್‍ಯಾರು ಅರ್ಹರಿದ್ದಾರೆ ಎಂದು ಕಾಗದ ತೆಗೆಸಿ ನೋಡಲಿ. ಬರುವ ಹಂಗಾಮಿಗೆ ಮೊದಲು ಇಷ್ಟನ್ನು ಮಾಡಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ.